ಔಷಧವನ್ನೂ ಪರೀಕ್ಷೆಗೆ ಕೂರಿಸಿದ ಮಹನೀಯ: ಸರ್ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್



ಪರೀಕ್ಷೆ ಎಂದ ಕೂಡಲೇ ನಮ್ಮ ವಿದ್ಯಾರ್ಥಿಗಳಿಗೆ ನೆನಪಾಗುವುದು ಹಾಲ್ ಟಿಕೆಟ್, ಪ್ರಶ್ನೆಪತ್ರಿಕೆ ಮತ್ತು ಎದೆಯ ಢವಢವ. ಆದರೆ ಮನುಷ್ಯರಿಗೆ ಕೊಡುವ ಹೊಸ ಔಷಧವೂ ಒಂದು ಪರೀಕ್ಷೆಗೆ ಕೂರಬೇಕು, ಅದರಲ್ಲಿ ಉತ್ತೀರ್ಣವಾದ ಮೇಲೆಯೇ ಅದನ್ನು ನಂಬಬೇಕು ಎಂಬ ಸಂಗತಿ ನಮ್ಮಲ್ಲಿ ಎಷ್ಟು ಜನರಿಗೆ ತಿಳಿದಿದೆ? ಆ ಪರೀಕ್ಷೆಯಲ್ಲಿ ನಕಲಿಗೂ ಪಕ್ಷಪಾತಕ್ಕೂ ಜಾಗವಿಲ್ಲದಂತೆ ನಿಯಮಗಳನ್ನು ರೂಪಿಸಿಕೊಟ್ಟವರಲ್ಲಿ ಇಂಗ್ಲೆಂಡಿನ ಸರ್ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಪ್ರಮುಖರು. ಅವರು ವೈದ್ಯರಾಗಿರಲಿಲ್ಲ. ಒಂದು ದಿನವೂ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಯಾಗಿ ಕುಳಿತವರಲ್ಲ. ಹಾಸಿಗೆ ಹಿಡಿದ ಕ್ಷಯರೋಗಿಯಾಗಿದ್ದಾಗ ಅಂಚೆಯ ಮೂಲಕ ಅರ್ಥಶಾಸ್ತ್ರ ಓದಿ ಪದವಿ ಪಡೆದವರು. ಅಂಥವರು ಇಡೀ ಜಗತ್ತಿನ ವೈದ್ಯರಿಗೆ ಗುರುವಾದದ್ದು ಹೇಗೆ, ಅವರು ಹಾಕಿಕೊಟ್ಟ ದಾರಿ ಅವರು ತೀರಿಕೊಂಡ ಮೇಲೂ ಸಾವಿರಾರು ಧೂಮಪಾನಿಗಳನ್ನು ಒಂದು ಅಪಾಯದಿಂದ ಪಾರು ಮಾಡಿದ್ದು ಹೇಗೆ ಎಂಬುದನ್ನು ಈ ಲೇಖನದಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ವೈದ್ಯನಾಗುವ ಕನಸು

ಹಿಲ್‌ರವರು 1897ರ ಜುಲೈ 8ರಂದು ಲಂಡನ್‌ನಲ್ಲಿ ಜನಿಸಿದರು. ತಂದೆ ಸರ್ ಲಿಯೊನಾರ್ಡ್ ಹಿಲ್ ಹೆಸರಾಂತ ಶರೀರಶಾಸ್ತ್ರಜ್ಞರು. ಇಂಥ ಮನೆಯಲ್ಲಿ ಬೆಳೆದ ಹುಡುಗ ತಾನೂ ವೈದ್ಯನಾಗಬೇಕೆಂದು ಬಯಸಿದ್ದು ಸಹಜವೇ. ಆದರೆ ಶಾಲೆ ಮುಗಿಯುವ ಹೊತ್ತಿಗೆ ಮೊದಲನೇ ಮಹಾಯುದ್ಧ ನಡೆಯುತ್ತಿತ್ತು. ಯುವಕ ಹಿಲ್ ನೌಕಾಪಡೆಯ ವಿಮಾನ ವಿಭಾಗಕ್ಕೆ ಸೇರಿ ವಿಮಾನ ಹಾರಿಸುವುದನ್ನು ಕಲಿತರು. ಅವರನ್ನು ಗ್ರೀಸ್ ಮತ್ತು ಟರ್ಕಿಗಳ ನಡುವಿನ ಸಮುದ್ರ ಪ್ರದೇಶಕ್ಕೆ ಕಳುಹಿಸಲಾಯಿತು.

ಶತ್ರುವಿನ ಗುಂಡು ಅವರನ್ನು ಮುಟ್ಟಲಿಲ್ಲ, ಕ್ಷಯರೋಗ ಮುಟ್ಟಿತು. 1917ರಲ್ಲಿ ಶ್ವಾಸಕೋಶದ ಕ್ಷಯ ಹಿಡಿದು ಅವರು ಊರಿಗೆ ಮರಳಬೇಕಾಯಿತು. ಆಗ ಅವರ ವಯಸ್ಸು ಇಪ್ಪತ್ತು. ಕ್ಷಯಕ್ಕೆ ಆ ಕಾಲದಲ್ಲಿ ಔಷಧವೇ ಇರಲಿಲ್ಲ. ಒಳ್ಳೆಯ ಗಾಳಿ, ಪುಷ್ಟಿಕರ ಆಹಾರ, ಸಂಪೂರ್ಣ ವಿಶ್ರಾಂತಿ, ಇಷ್ಟೇ ಚಿಕಿತ್ಸೆ. ಶ್ವಾಸಕೋಶಕ್ಕೆ ವಿಶ್ರಾಂತಿ ಸಿಗಲೆಂದು ಎದೆಗೂಡಿನೊಳಗೆ ಗಾಳಿ ತುಂಬಿ ಅದನ್ನು ಕುಗ್ಗಿಸುವ ಒಂದು ವಿಧಾನವೂ ಇತ್ತು. ಈ ಹುಡುಗ ಬದುಕುವುದಿಲ್ಲವೆಂದೇ ಹಲವರು ಭಾವಿಸಿದ್ದರು. ಎರಡು ವರ್ಷ ಆಸ್ಪತ್ರೆಯಲ್ಲಿ, ಮತ್ತೆರಡು ವರ್ಷ ಚೇತರಿಕೆಯಲ್ಲಿ ಕಳೆದವು. ಜೊತೆಯವರು ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ಅವರು ಛಾವಣಿ ನೋಡುತ್ತಾ ಮಲಗಿದ್ದರು. ವೈದ್ಯಕೀಯ ಶಿಕ್ಷಣಕ್ಕೆ ಬೇಕಾದ ದೇಹಶಕ್ತಿ ಇನ್ನು ತಮಗೆ ಬರುವುದಿಲ್ಲವೆಂದು ತಿಳಿದಾಗ ಆ ಮನಸ್ಸು ಎಷ್ಟು ನೊಂದಿರಬೇಕು, ನೀವೇ ಊಹಿಸಿ.

ಹಾಸಿಗೆಯೇ ತರಗತಿ

ಆದರೆ ಹಿಲ್ ಸುಮ್ಮನೆ ಮಲಗಿರಲಿಲ್ಲ. ಲಂಡನ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಪದವಿಗೆ ಅಂಚೆ ತೆರಪಿನ ಮೂಲಕ ಓದತೊಡಗಿದರು. 1922ರಲ್ಲಿ ಪದವಿ ಕೈಗೆ ಬಂತು. ಅರ್ಥಶಾಸ್ತ್ರ ಅವರು ಬಯಸಿ ಆರಿಸಿಕೊಂಡ ವಿಷಯವಲ್ಲ, ಹಾಸಿಗೆಯಲ್ಲಿದ್ದವರಿಗೆ ಓದಲು ಸಾಧ್ಯವಿದ್ದ ವಿಷಯ. ಆದರೂ ಅದರೊಳಗಿದ್ದ ಅಂಕಿ-ಅಂಶಗಳ ಬಾಗಿಲು ಅವರನ್ನು ಮತ್ತೆ ವೈದ್ಯಕೀಯದ ಅಂಗಳಕ್ಕೇ ತಂದು ನಿಲ್ಲಿಸಿತು.

ತಂದೆಯ ಹಳೆಯ ಸಹಾಯಕರಾಗಿದ್ದ ಮೇಜರ್ ಗ್ರೀನ್‌ವುಡ್ ಎಂಬ ವಿದ್ವಾಂಸರು ಈ ಯುವಕನ ಕೈ ಹಿಡಿದರು. ಇಲ್ಲಿ ಮೇಜರ್ ಎಂಬುದು ಅವರ ಹೆಸರೇ ಹೊರತು ಸೈನ್ಯದ ಹುದ್ದೆಯಲ್ಲ. ಅವರು ರೋಗಗಳ ಲೆಕ್ಕವನ್ನು ಅಧ್ಯಯನ ಮಾಡುತ್ತಿದ್ದವರು. ಅವರ ಸಹಾಯದಿಂದ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಧನಸಹಾಯ ದೊರೆತು, ಎಸೆಕ್ಸ್ ಪ್ರಾಂತ್ಯದ ಹಳ್ಳಿಗಳಲ್ಲಿ ಯುವಜನರು ಹೆಚ್ಚಾಗಿ ಸಾಯುತ್ತಿರುವುದೇಕೆ ಎಂಬುದನ್ನು ಹಿಲ್ ಅಧ್ಯಯನ ಮಾಡಿದರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಹೋಗಿ ಕಾರ್ಲ್ ಪಿಯರ್ಸನ್ ಎಂಬ ಮೇಧಾವಿಯ ಸಂಖ್ಯಾಶಾಸ್ತ್ರದ ಪಾಠಗಳನ್ನೂ ಕೇಳಿದರು. ಮುಂದೆ ಲಂಡನ್ನಿನ ಆರೋಗ್ಯ ಮತ್ತು ಉಷ್ಣವಲಯ ವೈದ್ಯಶಾಲೆಯಲ್ಲಿ ಅಧ್ಯಾಪಕರಾದರು.

ಅಧ್ಯಾಪಕರಾಗಿ ಅವರಿಗಿದ್ದ ದೊಡ್ಡ ಗುಣವೆಂದರೆ ಸರಳತೆ. ಗಣಿತವೆಂದರೆ ದೂರ ಓಡುವ ವೈದ್ಯರಿಗೂ ಅರ್ಥವಾಗುವಂತೆ 1937ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಲೇಖನಮಾಲೆ ಬರೆದರು. ಅದೇ ವರ್ಷ ಅದು ಪುಸ್ತಕವಾಯಿತು, ಮುಂದೆ ಹಲವು ಮುದ್ರಣಗಳನ್ನು ಕಂಡಿತು. ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಗುಂಪುಗಳಿಗೆ ಹಂಚುವ ವಿಚಾರವನ್ನು ಆ ಲೇಖನಗಳಲ್ಲಿ ಅವರು ಬೇಕೆಂದೇ ಕೈಬಿಟ್ಟಿದ್ದರು. ಒಮ್ಮೆಗೇ ಎಲ್ಲವನ್ನೂ ಹೇಳಿದರೆ ವೈದ್ಯರು ಗಾಬರಿಗೊಂಡು ಪೂರ್ತಿ ವಿಷಯವನ್ನೇ ತಿರಸ್ಕರಿಸಬಹುದು ಎಂಬುದು ಅವರ ಎಣಿಕೆಯಾಗಿತ್ತು. ಕಲಿಯುವವರ ಹೆಜ್ಜೆ ನೋಡಿ ಪಾಠ ಮಾಡುವವರೇ ನಿಜವಾದ ಶಿಕ್ಷಕರಲ್ಲವೇ?

ಚೀಟಿ ಎತ್ತುವುದರಲ್ಲಿದೆ ನ್ಯಾಯ

ಈಗ ಒಂದು ಸಣ್ಣ ಉದಾಹರಣೆಯನ್ನು ಗಮನಿಸಿ. ಒಂದು ಶಾಲೆಯಲ್ಲಿ ಹತ್ತನೇ ತರಗತಿಗೆ 'ಎ' ಮತ್ತು 'ಬಿ' ಎಂಬ ಎರಡು ವಿಭಾಗಗಳಿವೆ ಎಂದಿಟ್ಟುಕೊಳ್ಳಿ. ಮೇಷ್ಟ್ರು ಚುರುಕಾದ ಮಕ್ಕಳನ್ನೆಲ್ಲ 'ಎ' ವಿಭಾಗಕ್ಕೆ ಸೇರಿಸಿ, ಅವರಿಗೆ ಮಾತ್ರ ಸಂಜೆ ವಿಶೇಷ ತರಗತಿ ನಡೆಸಿದರು. ಫಲಿತಾಂಶದಲ್ಲಿ 'ಎ' ವಿಭಾಗ ಮುಂದೆ ಬಂತು. ಇದು ವಿಶೇಷ ತರಗತಿಯ ಫಲವೋ, ಮೊದಲೇ ಇದ್ದ ಚುರುಕುತನದ ಫಲವೋ? ಯಾರೂ ಹೇಳಲಾರರು. ಅದೇ ಎಲ್ಲ ಮಕ್ಕಳ ಹೆಸರನ್ನು ಚೀಟಿಯಲ್ಲಿ ಬರೆದು, ಕಣ್ಣು ಮುಚ್ಚಿ ಎತ್ತಿ ಎರಡು ವಿಭಾಗ ಮಾಡಿದ್ದರೆ? ಆಗ ಚುರುಕಾದವರು, ನಿಧಾನದವರು, ಮನೆಯಲ್ಲಿ ಅನುಕೂಲವಿದ್ದವರು, ಇಲ್ಲದವರು, ಎಲ್ಲರೂ ಎರಡೂ ಕಡೆ ಸರಿಸುಮಾರು ಸಮನಾಗಿ ಹಂಚಿಹೋಗುತ್ತಿದ್ದರು. ಮಕ್ಕಳ ಸಂಖ್ಯೆ ಹೆಚ್ಚಿದಷ್ಟೂ ಈ ಹಂಚಿಕೆ ಹೆಚ್ಚು ಸಮನಾಗುತ್ತದೆ. ಆ ಮೇಲೆ ಫಲಿತಾಂಶದಲ್ಲಿ ದೊಡ್ಡ ವ್ಯತ್ಯಾಸ ಕಂಡರೆ ಅದು ವಿಶೇಷ ತರಗತಿಯದೇ ಎಂದು ಧೈರ್ಯವಾಗಿ ಹೇಳಬಹುದು.

ಆರ್. ಎ. ಫಿಶರ್ ಎಂಬ ಸಂಖ್ಯಾಶಾಸ್ತ್ರಜ್ಞರು 1920ರ ದಶಕದಲ್ಲೇ ಹೊಲಗಳಲ್ಲಿ ಗೊಬ್ಬರ, ಬೀಜಗಳ ಪರೀಕ್ಷೆಗೆ ಈ ತತ್ವವನ್ನು ಬಳಸಿದ್ದರು. ಅದನ್ನು ರೋಗಿಯ ಹಾಸಿಗೆಯ ಬಳಿಗೆ ತಂದ ಕೀರ್ತಿಯಲ್ಲಿ ಹಿಲ್‌ರವರದು ದೊಡ್ಡ ಪಾಲು. ಅದಕ್ಕೆ ಸಂದರ್ಭ ಒದಗಿಸಿದ್ದು, ಅವರ ಕನಸನ್ನು ಕಸಿದುಕೊಂಡಿದ್ದ ಅದೇ ಕ್ಷಯರೋಗ!

1943ರಲ್ಲಿ ಅಮೆರಿಕದಲ್ಲಿ ಸ್ಟ್ರೆಪ್ಟೊಮೈಸಿನ್ ಎಂಬ ಔಷಧ ಪತ್ತೆಯಾಗಿತ್ತು. ಅದು ಕ್ಷಯದ ಕ್ರಿಮಿಗಳನ್ನು ತಡೆಯುತ್ತದೆಂದು ಗೊತ್ತಾಗಿತ್ತು. ಆದರೆ ಕ್ಷಯದ ವಿಷಯದಲ್ಲಿ ವೈದ್ಯರು ಹಿಂದೆಯೂ ಮೋಸಹೋಗಿದ್ದರು. ಚಿನ್ನದ ಲವಣಗಳ ಚುಚ್ಚುಮದ್ದನ್ನು ವರ್ಷಗಟ್ಟಲೆ ಕೊಟ್ಟು, ಅದರಿಂದ ಲಾಭಕ್ಕಿಂತ ಹಾನಿಯೇ ಹೆಚ್ಚೆಂಬುದು ತಡವಾಗಿ ತಿಳಿದಿತ್ತು. ಕ್ಷಯ ಕೆಲವರಲ್ಲಿ ತಾನಾಗಿಯೇ ಇಳಿಯುತ್ತದೆ, ಕೆಲವರಲ್ಲಿ ಏರುತ್ತದೆ. ಆದ್ದರಿಂದ ಔಷಧ ಕೊಟ್ಟ ಮೇಲೆ ಒಬ್ಬ ರೋಗಿ ಗುಣವಾದ ಮಾತ್ರಕ್ಕೆ ಅದು ಔಷಧದ ಗುಣವೆಂದು ಹೇಳಲಾಗದು.

ಯುದ್ಧ ಮುಗಿದು ಬ್ರಿಟನ್ನಿನ ಖಜಾನೆ ಬರಿದಾಗಿದ್ದ ಕಾಲವದು. ಡಾಲರ್ ಕೊಟ್ಟು ತರಿಸಬಹುದಾದ ಸ್ಟ್ರೆಪ್ಟೊಮೈಸಿನ್ ತೀರಾ ಕಡಿಮೆ. ಬೇಕಾದವರೆಲ್ಲರಿಗೂ ಕೊಡಲು ಸಾಧ್ಯವೇ ಇರಲಿಲ್ಲ. ಹಾಗಿದ್ದ ಮೇಲೆ ಯಾರಿಗೆ ಕೊಡಬೇಕೆಂಬುದನ್ನು ಶಿಫಾರಸಿಗೆ ಬಿಡದೆ ಚೀಟಿಗೆ ಬಿಡುವುದೇ ನ್ಯಾಯವೆಂದು ಹಿಲ್ ವಾದಿಸಿದರು. ಎರಡೂ ಶ್ವಾಸಕೋಶಗಳಿಗೆ ತೀವ್ರ ಕ್ಷಯ ಹರಡಿದ್ದ, ವಿಶ್ರಾಂತಿಯ ಹೊರತು ಬೇರೆ ಚಿಕಿತ್ಸೆಯೇ ಇರದಿದ್ದ 107 ಮಂದಿಯನ್ನು ಆರಿಸಲಾಯಿತು. ಅವರೆಲ್ಲ 15ರಿಂದ 30 ವರ್ಷದ ಒಳಗಿನವರು, ಅಂದರೆ ಹಿಲ್‌ರವರು ಹಾಸಿಗೆ ಹಿಡಿದ ವಯಸ್ಸಿನವರೇ. ಯಾರು ಯಾವ ಗುಂಪಿಗೆ ಎಂಬುದನ್ನು ಮೊದಲೇ ನಿರ್ಧರಿಸಿ ಮುಚ್ಚಿದ ಲಕೋಟೆಗಳಲ್ಲಿ ಇಡಲಾಗಿತ್ತು. ರೋಗಿಯನ್ನು ಸೇರಿಸಿಕೊಳ್ಳುವ ತನಕ ಲಕೋಟೆ ತೆರೆಯುವಂತಿರಲಿಲ್ಲ. ಎಕ್ಸ್‌ರೇ ನೋಡಿ ತೀರ್ಪು ಹೇಳುವ ತಜ್ಞರಿಗೆ ಆ ಚಿತ್ರ ಯಾವ ಗುಂಪಿನದೆಂದು ಗೊತ್ತಿರಲಿಲ್ಲ. ನಮ್ಮ ಬೋರ್ಡ್ ಪರೀಕ್ಷೆಯಲ್ಲಿ ಉತ್ತರಪತ್ರಿಕೆ ತಿದ್ದುವವರಿಗೆ ವಿದ್ಯಾರ್ಥಿಯ ಹೆಸರು ತಿಳಿಯದಂತೆ ಮಾಡುವ ಹಾಗೆಯೇ ಇದು.

1948ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಫಲಿತಾಂಶ ಪ್ರಕಟವಾಯಿತು. ಆರು ತಿಂಗಳಲ್ಲಿ ಔಷಧ ಪಡೆದ 55 ಮಂದಿಯಲ್ಲಿ 4 ಜನ ಸತ್ತಿದ್ದರು. ಬರೀ ವಿಶ್ರಾಂತಿಯಲ್ಲಿದ್ದ 52 ಮಂದಿಯಲ್ಲಿ 14 ಜನ ಸತ್ತಿದ್ದರು. ಔಷಧ ಕೆಲಸ ಮಾಡುತ್ತಿತ್ತು. ಆದರೆ ಅದೇ ಪರೀಕ್ಷೆ ಇನ್ನೊಂದು ಕಹಿ ಸತ್ಯವನ್ನೂ ಹೊರಹಾಕಿತು. ಕೆಲವು ತಿಂಗಳಲ್ಲಿ ಅನೇಕರ ದೇಹದ ಕ್ರಿಮಿಗಳು ಔಷಧಕ್ಕೆ ಬಗ್ಗದಂತಾಗಿದ್ದವು. ಹೀಗಾಗಿ ಎರಡು ಔಷಧಗಳನ್ನು ಜೊತೆಯಾಗಿ ಕೊಟ್ಟು ನೋಡುವ ಮುಂದಿನ ಪರೀಕ್ಷೆ ನಡೆಯಿತು, ಅದು ಫಲಿಸಿತು. ಇಂದಿಗೂ ಕ್ಷಯಕ್ಕೆ ಹಲವು ಔಷಧಗಳನ್ನು ಒಟ್ಟಿಗೆ ಕೊಡುವುದು ಇದೇ ಕಾರಣಕ್ಕೆ. ಒಂದು ಕೊರತೆಯನ್ನೂ ಹೇಳಬೇಕು. ಬರೀ ವಿಶ್ರಾಂತಿಯ ಗುಂಪಿನವರಿಗೆ ತಾವು ಒಂದು ಪರೀಕ್ಷೆಯಲ್ಲಿದ್ದೇವೆಂದು ತಿಳಿಸಿರಲಿಲ್ಲ. ಇಂದು ರೋಗಿಯ ಒಪ್ಪಿಗೆ ಇಲ್ಲದೆ ಹಾಗೆ ಮಾಡುವಂತಿಲ್ಲ.

ಈ ವಿಧಾನ ನಮ್ಮ ದೇಶಕ್ಕೂ ಬೇಗನೆ ಬಂತು. 1956ರಲ್ಲಿ ಮದ್ರಾಸಿನಲ್ಲಿ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರ ಆರಂಭವಾಯಿತು. ಅಲ್ಲಿ ಬಡ ರೋಗಿಗಳನ್ನು ಇದೇ ರೀತಿ ಎರಡು ಗುಂಪು ಮಾಡಿ, ಮನೆಯಲ್ಲೇ ಔಷಧ ಪಡೆಯುವುದನ್ನೂ ಆಸ್ಪತ್ರೆಯಲ್ಲಿ ಇದ್ದುಕೊಂಡು ಪಡೆಯುವುದನ್ನೂ ಹೋಲಿಸಿ ನೋಡಲಾಯಿತು. ಔಷಧವನ್ನು ಸರಿಯಾಗಿ ತೆಗೆದುಕೊಂಡರೆ ಮನೆಯ ಚಿಕಿತ್ಸೆ ಆಸ್ಪತ್ರೆಯ ಚಿಕಿತ್ಸೆಗೆ ಸರಿಸಮ ಎಂದು 1959ರಲ್ಲಿ ತಿಳಿದುಬಂತು. ವರ್ಷಗಟ್ಟಲೆ ಹಾಸಿಗೆಯಲ್ಲಿ ಕಳೆದ ಹಿಲ್‌ರಂಥವರ ಪಾಡು ಮುಂದಿನ ಪೀಳಿಗೆಗೆ ಬರದಂತೆ ಆಯಿತು.

ಹೊಗೆಯ ಹಿಂದಿನ ಸತ್ಯ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1922ರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತವರು 612 ಮಂದಿ. 1947ರಲ್ಲಿ ಆ ಸಂಖ್ಯೆ 9,287ಕ್ಕೆ ಏರಿತ್ತು. ಕಾರಣ ಯಾರಿಗೂ ತಿಳಿದಿರಲಿಲ್ಲ. ಮೋಟಾರು ವಾಹನಗಳ ಹೊಗೆ ಇರಬಹುದೇ? ರಸ್ತೆಗೆ ಹಾಕುವ ಡಾಂಬರು ಇರಬಹುದೇ? ಇದನ್ನು ಪತ್ತೆ ಹಚ್ಚುವ ಹೊಣೆ ಹಿಲ್‌ರವರ ಪಾಲಿಗೆ ಬಂತು. ಅವರು ರಿಚರ್ಡ್ ಡಾಲ್ ಎಂಬ ಯುವ ವೈದ್ಯರನ್ನು ಜೊತೆಗೆ ಸೇರಿಸಿಕೊಂಡರು.

ಲಂಡನ್ನಿನ 20 ಆಸ್ಪತ್ರೆಗಳ ರೋಗಿಗಳನ್ನು ಸಂದರ್ಶಿಸಲಾಯಿತು. ಶ್ವಾಸಕೋಶದ ಕ್ಯಾನ್ಸರ್ ಇದ್ದ 709 ಮಂದಿಯನ್ನು, ಬೇರೆ ರೋಗಗಳಿದ್ದ ಅಷ್ಟೇ ಮಂದಿಯ ಜೊತೆ ಹೋಲಿಸಿದರು. ಕ್ಯಾನ್ಸರ್ ಇದ್ದ 649 ಗಂಡಸರಲ್ಲಿ ಧೂಮಪಾನ ಮಾಡದವರು ಕೇವಲ ಇಬ್ಬರು! 1950ರ ಸೆಪ್ಟೆಂಬರ್‌ನಲ್ಲಿ ಈ ಫಲಿತಾಂಶ ಹೊರಬಂತು. ಅದೇ ವರ್ಷ ಅಮೆರಿಕದ ಸಂಶೋಧಕರೂ ಇದನ್ನೇ ಕಂಡುಕೊಂಡಿದ್ದರು. ಈ ಅಧ್ಯಯನ ನಡೆಯುತ್ತಿದ್ದಾಗಲೇ ಡಾಲ್‌ರವರು ಸಿಗರೇಟು ಬಿಟ್ಟರು.

ಇಲ್ಲೊಂದು ತೊಡಕಿತ್ತು. ಚೀಟಿ ಎತ್ತಿ ಅರ್ಧ ಜನರಿಗೆ ಸಿಗರೇಟು ಸೇದಿ ಎಂದು ಹೇಳಲಾಗದು. ಅದು ಅಮಾನವೀಯ. ಹಾಗಾದರೆ ಹೊಗೆಯೇ ಕಾರಣವೆಂದು ಹೇಳುವುದು ಹೇಗೆ? ಹಿಲ್ ಮತ್ತು ಡಾಲ್ ಇನ್ನೊಂದು ದಾರಿ ಹಿಡಿದರು. 1951ರಲ್ಲಿ ಬ್ರಿಟನ್ನಿನ ಸುಮಾರು 60,000 ವೈದ್ಯರಿಗೆ ಪತ್ರ ಬರೆದು ಅವರ ಧೂಮಪಾನದ ಅಭ್ಯಾಸ ಕೇಳಿದರು. 40,000ಕ್ಕೂ ಹೆಚ್ಚು ಮಂದಿ ಉತ್ತರಿಸಿದರು. ಬಳಿಕ ಯಾರು ಯಾವ ಕಾಯಿಲೆಯಿಂದ ತೀರಿಕೊಳ್ಳುತ್ತಾರೆಂದು ತಾಳ್ಮೆಯಿಂದ ಲೆಕ್ಕ ಇಡುತ್ತಾ ಹೋದರು. 1954ರ ಮೊದಲ ವರದಿಯ ಹೊತ್ತಿಗೆ ಶ್ವಾಸಕೋಶದ ಕ್ಯಾನ್ಸರಿನಿಂದ 36 ವೈದ್ಯರು ಸತ್ತಿದ್ದರು. ಅವರಲ್ಲಿ ಧೂಮಪಾನ ಮಾಡದವರು ಒಬ್ಬರೂ ಇರಲಿಲ್ಲ.

ವಿರೋಧವೂ ಬಂತು. ಹೊಲದಲ್ಲಿ ಚೀಟಿಯ ವಿಧಾನವನ್ನು ಬಳಸಿದ ಫಿಶರ್‌ರವರೇ ಎದುರು ನಿಂತರು. ಸಿಗರೇಟಿನ ಚಟವನ್ನೂ ಕ್ಯಾನ್ಸರನ್ನೂ ಎರಡನ್ನೂ ತರುವ ಯಾವುದೋ ಹುಟ್ಟುಗುಣ ಇರಬಹುದಲ್ಲವೇ ಎಂಬುದು ಅವರ ವಾದ. ಅವರು ತಾವೇ ಪೈಪ್ ಸೇದುತ್ತಿದ್ದರು, ತಂಬಾಕು ಕಂಪನಿಗಳ ಸಂಘಕ್ಕೆ ಸಲಹೆಗಾರರೂ ಆಗಿದ್ದರು. ಆದರೂ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಅಂಕಿಗಳೇ ಉತ್ತರ ಕೊಟ್ಟವು. ಹೆಚ್ಚು ಸೇದಿದವರಿಗೆ ಅಪಾಯ ಹೆಚ್ಚು, ಬಿಟ್ಟವರಿಗೆ ವರ್ಷ ಕಳೆದಂತೆ ಅಪಾಯ ಕಡಿಮೆ. ಸಿಗರೇಟು ಬಿಟ್ಟ ಮಾತ್ರಕ್ಕೆ ಹುಟ್ಟುಗುಣ ಬಿಟ್ಟುಹೋಗುತ್ತದೆಯೇ?

ಹಿಲ್‌ರವರು 1954ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು. 1961ರಲ್ಲಿ ಸರ್ ಪದವಿ ದೊರೆಯಿತು, ಅದೇ ವರ್ಷ ನಿವೃತ್ತರಾದರು. 1965ರಲ್ಲಿ ಅವರು ನೀಡಿದ ಒಂದು ಉಪನ್ಯಾಸವನ್ನು ಇಂದಿಗೂ ವೈದ್ಯಕೀಯ ವಿದ್ಯಾರ್ಥಿಗಳು ಓದುತ್ತಾರೆ. ಎರಡು ಸಂಗತಿಗಳು ಜೊತೆಜೊತೆಯಾಗಿ ಕಾಣಿಸಿಕೊಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳಬಹುದೇ? ಹಾಗೆ ಹೇಳುವ ಮೊದಲು ಯಾವ ಯಾವ ಕಡೆಯಿಂದ ನೋಡಬೇಕು ಎಂಬುದಕ್ಕೆ ಒಂಬತ್ತು ದಾರಿಗಳನ್ನು ಅವರು ಅದರಲ್ಲಿ ತೋರಿಸಿದರು. ಪೂರ್ಣ ಜ್ಞಾನ ಬರುವವರೆಗೆ ಕೈಕಟ್ಟಿ ಕೂರಬಾರದು, ಹಾಗೆಂದು ಜನರ ಬದುಕನ್ನು ಬದಲಿಸುವ ಮಾತನ್ನು ಅರೆಬೆಂದ ಆಧಾರದ ಮೇಲೆ ಹೇಳಲೂಬಾರದು ಎಂಬುದು ಅದರ ಸಾರ. ಇಪ್ಪತ್ತರಲ್ಲೇ ಸಾಯುವರೆಂದು ಭಾವಿಸಿದ್ದ ಆ ಕ್ಷಯರೋಗಿ 1991ರ ಏಪ್ರಿಲ್ 18ರಂದು, 93 ವರ್ಷ ತುಂಬುಬಾಳು ಬಾಳಿ ತೀರಿಕೊಂಡರು.

ಗಜ್ಜರಿಯ ಮಾತ್ರೆಯ ಕಥೆ

ಓದುಗರೇ, ಹಿಲ್‌ರವರ ಜೀವನ ಅಲ್ಲಿಗೆ ಮುಗಿಯಿತು. ಆದರೆ ಅವರ ವಿಧಾನದ ಅತಿ ದೊಡ್ಡ ಸತ್ವಪರೀಕ್ಷೆಯ ಫಲಿತಾಂಶ ಬಂದದ್ದು ಆ ನಂತರ. ಅದನ್ನು ಹೇಳದೆ ಅವರ ಕಥೆ ಪೂರ್ಣವಾಗದು.

ಸಿಗರೇಟಿನಿಂದ ಕ್ಯಾನ್ಸರ್ ಬರುತ್ತದೆಂದು ತಿಳಿಯಿತು, ಸರಿ. ಆದರೆ ಹತ್ತಾರು ವರ್ಷ ಸೇದಿದವರ ಗತಿಯೇನು? ಬಿಟ್ಟವರಲ್ಲೂ ಸ್ವಲ್ಪ ಅಪಾಯ ಉಳಿದೇ ಇರುತ್ತದೆ. ಕಲ್ನಾರಿನ ಕಾರ್ಖಾನೆಗಳಲ್ಲಿ ಆ ಧೂಳನ್ನು ಉಸಿರಾಡಿದ ಕಾರ್ಮಿಕರಿಗೂ ಈ ಕ್ಯಾನ್ಸರಿನ ಭಯವಿದೆ. ಇಂಥವರಿಗೆ ಕ್ಯಾನ್ಸರ್ ಬರುವ ಮೊದಲೇ ಒಂದು ಮಾತ್ರೆ ಕೊಟ್ಟು ತಡೆಯಬಹುದೇ? ಈ ಆಸೆಯಿಂದ ವಿಜ್ಞಾನಿಗಳು ಹುಡುಕತೊಡಗಿದರು.

ಆಗ ಎಲ್ಲರ ಕಣ್ಣು ಬಿದ್ದದ್ದು ಬೀಟಾ ಕ್ಯಾರೊಟೀನ್ ಮೇಲೆ. ಗಜ್ಜರಿಗೆ ಕೇಸರಿ ಬಣ್ಣ ಕೊಡುವ ವಸ್ತು ಇದು. ಸೊಪ್ಪುಗಳಲ್ಲೂ ಇದೆ. ದೇಹ ಇದರಿಂದ 'ಎ' ಜೀವಸತ್ವವನ್ನು ತಯಾರಿಸಿಕೊಳ್ಳುತ್ತದೆ. ಸೊಪ್ಪು, ಗಜ್ಜರಿ ಹೆಚ್ಚು ತಿನ್ನುವವರಲ್ಲಿ, ರಕ್ತದಲ್ಲಿ ಈ ವಸ್ತು ಹೆಚ್ಚಿರುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂದು ಅನೇಕ ಅಧ್ಯಯನಗಳು ಹೇಳಿದ್ದವು. 1981ರಲ್ಲಿ ರಿಚರ್ಡ್ ಪೀಟೊ, ಹಿಲ್‌ರವರ ಸಹೋದ್ಯೋಗಿಯಾಗಿದ್ದ ಅದೇ ರಿಚರ್ಡ್ ಡಾಲ್ ಮತ್ತಿಬ್ಬರು ಸೇರಿ ನೇಚರ್ ಪತ್ರಿಕೆಯಲ್ಲಿ ಈ ಬಗ್ಗೆ ಬರೆದರು. ಆಸೆಗೆ ಆಧಾರವಿದೆ, ಆದರೆ ಚೀಟಿ ಎತ್ತುವ ಪರೀಕ್ಷೆಯಿಂದಲೇ ಇದು ತೀರ್ಮಾನವಾಗಬೇಕು ಎಂಬುದು ಅವರ ನಿಲುವು.

ಪರೀಕ್ಷೆ ನಡೆಯಿತು. ಫಿನ್ಲೆಂಡ್ ದೇಶದಲ್ಲಿ 1985ರಿಂದ 1993ರವರೆಗೆ 50ರಿಂದ 69 ವರ್ಷದ 29,133 ಗಂಡಸು ಧೂಮಪಾನಿಗಳು ಇದರಲ್ಲಿ ಭಾಗವಹಿಸಿದರು. ಚೀಟಿಯ ಪ್ರಕಾರ ಅರ್ಧದಷ್ಟು ಜನರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟೀನ್. ಉಳಿದವರಿಗೆ ಅದಿಲ್ಲದ, ನೋಡಲು ಅದೇ ರೀತಿಯ ಮಾತ್ರೆ. ಇದರ ಜೊತೆಯಲ್ಲೇ 'ಇ' ಜೀವಸತ್ವವನ್ನೂ ಇದೇ ಕ್ರಮದಲ್ಲಿ ಪರೀಕ್ಷಿಸಲಾಯಿತು. ಯಾರು ಏನು ನುಂಗುತ್ತಿದ್ದಾರೆಂದು ಅವರಿಗೂ ತಿಳಿಯದು, ಅವರ ವೈದ್ಯರಿಗೂ ತಿಳಿಯದು.

1994ರಲ್ಲಿ ಫಲಿತಾಂಶ ಬಂದಾಗ ಎಲ್ಲರೂ ದಿಗ್ಭ್ರಮೆಗೊಂಡರು. ಬೀಟಾ ಕ್ಯಾರೊಟೀನ್ ಪಡೆಯದವರಲ್ಲಿ 402 ಜನರಿಗೆ ಶ್ವಾಸಕೋಶದ ಕ್ಯಾನ್ಸರ್ ಬಂದಿತ್ತು. ಪಡೆದವರಲ್ಲಿ 474 ಜನರಿಗೆ! ಕಾಪಾಡಬೇಕಾದ ಮಾತ್ರೆ ಕ್ಯಾನ್ಸರನ್ನು ಶೇ. 18ರಷ್ಟು ಹೆಚ್ಚಿಸಿತ್ತು. 'ಇ' ಜೀವಸತ್ವದಿಂದ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಲಿಲ್ಲ.

ಇದು ಆಕಸ್ಮಿಕವಿರಬಹುದೆಂದು ಕೆಲವರು ಭಾವಿಸಿದರು. ಅಮೆರಿಕದಲ್ಲಿ ಸಿಯಾಟಲ್ ನಗರವನ್ನು ಕೇಂದ್ರವಾಗಿಟ್ಟುಕೊಂಡು ಇನ್ನೊಂದು ಪರೀಕ್ಷೆ ನಡೆಯುತ್ತಿತ್ತು. ಅದರಲ್ಲಿ ಬಹಳ ಕಾಲ ಧೂಮಪಾನ ಮಾಡಿದವರು ಮತ್ತು ಕಲ್ನಾರಿನ ಕಾರ್ಮಿಕರು ಸೇರಿ 18,314 ಮಂದಿ ಇದ್ದರು. ಅವರಲ್ಲಿ ಒಂದು ಗುಂಪಿಗೆ ಬೀಟಾ ಕ್ಯಾರೊಟೀನ್ ಮತ್ತು 'ಎ' ಜೀವಸತ್ವ ಎರಡನ್ನೂ ಕೊಡಲಾಗುತ್ತಿತ್ತು. 1996ರ ಜನವರಿಯಲ್ಲಿ, ಮುಗಿಯಲು ಇನ್ನೂ 21 ತಿಂಗಳಿರುವಾಗಲೇ ಮಾತ್ರೆ ಕೊಡುವುದನ್ನು ನಿಲ್ಲಿಸಬೇಕಾಯಿತು. ಮಾತ್ರೆಯ ಗುಂಪಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 28ರಷ್ಟು, ಒಟ್ಟು ಸಾವು ಶೇ. 17ರಷ್ಟು ಹೆಚ್ಚಾಗಿದ್ದವು. ಅದೇ ತಿಂಗಳು ಅಮೆರಿಕದ 22,071 ವೈದ್ಯರ ಮೇಲೆ ಸುಮಾರು 12 ವರ್ಷ ನಡೆದ ಪರೀಕ್ಷೆಯ ಫಲಿತಾಂಶವೂ ಹೊರಬಂತು. ಅವರಲ್ಲಿ ಹೆಚ್ಚಿನವರು ಧೂಮಪಾನಿಗಳಲ್ಲ. ಅವರಿಗೆ ಬೀಟಾ ಕ್ಯಾರೊಟೀನ್‌ನಿಂದ ಲಾಭವೂ ಆಗಿರಲಿಲ್ಲ, ಹಾನಿಯೂ ಆಗಿರಲಿಲ್ಲ.

ಹಾಗಾದರೆ ಹಿಂದಿನ ಅಧ್ಯಯನಗಳು ಸುಳ್ಳೇ? ಸುಳ್ಳಲ್ಲ. ಅವು ನಮ್ಮ 'ಎ' ವಿಭಾಗದ ಫಲಿತಾಂಶದಂತೆ. ಸೊಪ್ಪು-ತರಕಾರಿ ಹೆಚ್ಚು ತಿನ್ನುವವರು ಸಾಮಾನ್ಯವಾಗಿ ಕಡಿಮೆ ಸೇದುತ್ತಾರೆ, ಬೇರೆ ವಿಷಯಗಳಲ್ಲೂ ಆರೋಗ್ಯದ ಕಾಳಜಿ ವಹಿಸುತ್ತಾರೆ. ತರಕಾರಿಯಲ್ಲಿ ಬೇರೆ ನೂರಾರು ವಸ್ತುಗಳೂ ಇವೆ. ಕೀರ್ತಿ ಮಾತ್ರ ಒಂದೇ ವಸ್ತುವಿಗೆ ಸಂದಿತ್ತು. ಗಜ್ಜರಿ ತಿನ್ನುವುದಕ್ಕೆ ಯಾರೂ ಹೆದರಬೇಕಾಗಿಲ್ಲ. ಊಟದಲ್ಲಿ ಬರುವ ಪ್ರಮಾಣವೇ ಬೇರೆ, ಧೂಮಪಾನಿಯ ದೇಹಕ್ಕೆ ಮಾತ್ರೆಯಾಗಿ ದಿನವೂ ಸುರಿಯುವ ಪ್ರಮಾಣವೇ ಬೇರೆ.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಿ. ಪರೀಕ್ಷೆ ಮಾಡದೆಯೇ ಈ ಮಾತ್ರೆಯನ್ನು ಧೂಮಪಾನಿಗಳಿಗೆಲ್ಲ ಹಂಚಿದ್ದರೆ ಏನಾಗುತ್ತಿತ್ತು? ಅವರಲ್ಲಿ ಕ್ಯಾನ್ಸರ್ ಬಂದಾಗ ವೈದ್ಯರು ಮಾತ್ರೆಯನ್ನು ಅನುಮಾನಿಸುತ್ತಿರಲಿಲ್ಲ. ಅಷ್ಟು ವರ್ಷ ಸೇದಿದ್ದಾರೆ, ಬಂದಿದೆ, ಪಾಪ, ಮಾತ್ರೆ ಕೊಟ್ಟರೂ ಉಳಿಸಿಕೊಳ್ಳಲಾಗಲಿಲ್ಲ ಎಂದುಕೊಳ್ಳುತ್ತಿದ್ದರು. ಕ್ಯಾನ್ಸರ್ ಬಾರದವರು ಮಾತ್ರೆಯನ್ನು ಹೊಗಳುತ್ತಿದ್ದರು. 402 ಎಂಬ ಹೋಲಿಕೆಯ ಸಂಖ್ಯೆ ಪಕ್ಕದಲ್ಲಿ ಇಲ್ಲದಿದ್ದರೆ 474 ಎಂಬ ಸಂಖ್ಯೆಗೆ ಅರ್ಥವೇ ಇರುತ್ತಿರಲಿಲ್ಲ. ಎಷ್ಟೇ ಅನುಭವಿ ವೈದ್ಯರ ಕಣ್ಣಿಗೂ ಆ ಹಾನಿ ಬೀಳುತ್ತಿರಲಿಲ್ಲ. ಒಳ್ಳೆಯ ಉದ್ದೇಶದಿಂದಲೇ ಜನ ಸಾಯುತ್ತಿದ್ದರು. ಅದನ್ನು ತಡೆದದ್ದು 1948ರ ಆ ಮುಚ್ಚಿದ ಲಕೋಟೆಯ ವಿಧಾನ. ತಾವೇ ಮುಂದಿಟ್ಟ ಆಸೆಯನ್ನು ಪರೀಕ್ಷೆಗೆ ಒಡ್ಡಬೇಕೆಂದು ಕೇಳಿದ ಡಾಲ್‌ರಂಥವರ ಪ್ರಾಮಾಣಿಕತೆಯೂ ಇದಕ್ಕೆ ಕಾರಣ.

ಇಂದಿನ ಸ್ಥಿತಿ

ಈ ಹುಡುಕಾಟ ಇಂದಿಗೂ ನಿಂತಿಲ್ಲ. ಸೆಲೆನಿಯಂ ಮುಂತಾದ ಇನ್ನೂ ಕೆಲವು ವಸ್ತುಗಳು ಪರೀಕ್ಷೆಗೆ ಕುಳಿತವು, ಉತ್ತೀರ್ಣವಾಗಲಿಲ್ಲ. ಇಲೊಪ್ರೊಸ್ಟ್ ಎಂಬ ಔಷಧವನ್ನು 152 ಮಂದಿಗೆ ಮಾತ್ರ ಸೀಮಿತವಾದ ಒಂದು ಪರೀಕ್ಷೆಯಲ್ಲಿ ನೋಡಲಾಯಿತು. ಧೂಮಪಾನ ಬಿಟ್ಟವರ ಶ್ವಾಸನಾಳದಲ್ಲಿ ಕೆಟ್ಟಿದ್ದ ಜೀವಕೋಶಗಳು ಅದರಿಂದ ಸ್ವಲ್ಪ ಸುಧಾರಿಸಿದ್ದು 2011ರಲ್ಲಿ ವರದಿಯಾಯಿತು. ಸೇದುತ್ತಲೇ ಇದ್ದವರಲ್ಲಿ ಆ ಸುಧಾರಣೆ ಕಾಣಲಿಲ್ಲ. ಕ್ಯಾನ್ಸರ್ ಬರುವುದನ್ನೇ ಅದು ತಡೆಯುತ್ತದೆಂದು ಸಾಬೀತಾಗಿಲ್ಲ. ಕ್ಯಾನ್ಸರ್ ತಡೆಯಲೆಂದು ಬೀಟಾ ಕ್ಯಾರೊಟೀನ್ ಮಾತ್ರೆ ತೆಗೆದುಕೊಳ್ಳಬಾರದೆಂದು ಅಮೆರಿಕದ ತಜ್ಞರ ಸಮಿತಿ 2022ರಲ್ಲಿ ಮತ್ತೊಮ್ಮೆ ಹೇಳಿತು. ಧೂಮಪಾನಿಗಳನ್ನು ಶ್ವಾಸಕೋಶದ ಕ್ಯಾನ್ಸರಿನಿಂದ ಕಾಪಾಡುತ್ತದೆಂದು ಸಾಬೀತಾದ ಮಾತ್ರೆ ಇಂದಿಗೂ ಇಲ್ಲ.

ಆದರೆ ಸಾಬೀತಾದ ದಾರಿಯೊಂದಿದೆ. ಹಿಲ್ ಮತ್ತು ಡಾಲ್ 1951ರಲ್ಲಿ ಆರಂಭಿಸಿದ ವೈದ್ಯರ ಅಧ್ಯಯನವನ್ನು ಡಾಲ್‌ರವರು ಮುಂದುವರಿಸಿಕೊಂಡು ಬಂದು 2004ರಲ್ಲಿ 50 ವರ್ಷಗಳ ಲೆಕ್ಕ ಕೊಟ್ಟರು. ಜೀವನವಿಡೀ ಸೇದಿದವರು ಸರಾಸರಿ 10 ವರ್ಷ ಮೊದಲೇ ಸಾಯುತ್ತಾರೆ. 60ನೇ ವಯಸ್ಸಿನಲ್ಲಿ ಬಿಟ್ಟರೂ ಸುಮಾರು 3 ವರ್ಷ ಆಯುಷ್ಯ ಮರಳಿ ಬರುತ್ತದೆ. 50ರಲ್ಲಿ ಬಿಟ್ಟರೆ 6, 40ರಲ್ಲಿ ಬಿಟ್ಟರೆ 9 ವರ್ಷ. 30ರಲ್ಲಿ ಬಿಟ್ಟರೆ ಹೆಚ್ಚುಕಡಿಮೆ ಪೂರ್ತಿ ಹತ್ತು ವರ್ಷವೂ ಮರಳುತ್ತದೆ. ಇದಕ್ಕೆ ಮಾತ್ರೆಯೂ ಬೇಡ, ಹಣವೂ ಬೇಡ.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿ ಅಬ್ಬಾ, ದಾದಾ, ಮಾಮೂ ಯಾರಾದರೂ ಬೀಡಿ-ಸಿಗರೇಟು ಸೇದುವವರಿದ್ದರೆ ಈ ಲೆಕ್ಕವನ್ನು ಅದಬ್‌ನಿಂದ, ಪ್ರೀತಿಯಿಂದ ಅವರ ಮುಂದಿಡಿ. ಈಗ ಬಿಟ್ಟು ಏನು ಪ್ರಯೋಜನ ಎಂದು ಅವರು ಕೇಳಿದರೆ ಅರವತ್ತರವರ ಲೆಕ್ಕವನ್ನು ಓದಿ ಹೇಳಿ. ಸೇದುತ್ತಲೇ ಯಾವುದೋ ಪುಡಿ, ಯಾವುದೋ ಮಾತ್ರೆ ತಮ್ಮನ್ನು ಕಾಯುತ್ತದೆಂದು ಅವರು ನಂಬಿದ್ದರೆ ಫಿನ್ಲೆಂಡಿನ ಆ ಎರಡು ಸಂಖ್ಯೆಗಳನ್ನು ತಿಳಿಸಿ. ನಾಳೆ ನಿಮ್ಮಲ್ಲಿ ಯಾರಾದರೂ ಡಾಕ್ಟರೋ ಫಾರ್ಮಸಿಸ್ಟೋ ಆದರೆ, ಇದು ಕೆಲಸ ಮಾಡುತ್ತದೆ ಎಂದು ಯಾರೇ ಹೇಳಿದರೂ ಯಾವುದರ ಜೊತೆ ಹೋಲಿಸಿ ನೋಡಿದ್ದೀರಿ ಎಂದು ಕೇಳುವುದನ್ನು ಮರೆಯಬೇಡಿ.

ಅಂಕ ಕಡಿಮೆ ಬಂದು, ಇಲ್ಲವೇ ಮನೆಯ ತೊಂದರೆಯಿಂದ, ಕಾಯಿಲೆಯಿಂದ, ಬಯಸಿದ ಕೋರ್ಸು ಸಿಗದೆ ಕುಗ್ಗಿರುವ ವಿದ್ಯಾರ್ಥಿಗಳೂ ನಮ್ಮಲ್ಲಿದ್ದಾರೆ. ಅವರಿಗೊಂದು ಮಾತು. ವೈದ್ಯಕೀಯ ಸೀಟು ತಪ್ಪಿದ ಒಬ್ಬ ಯುವಕ ಆಸ್ಪತ್ರೆಯ ಹಾಸಿಗೆಯ ಮೇಲೆ ಸಿಕ್ಕಿದ ಪುಸ್ತಕವನ್ನೇ ಶ್ರದ್ಧೆಯಿಂದ ಓದಿದ. ಮುಂದೆ ವೈದ್ಯರೆಲ್ಲ ಅವರಿಂದ ಕಲಿಯುವಂತಾಯಿತು. ನಿಮ್ಮ ಮುಂದಿರುವ ಪುಸ್ತಕವನ್ನು ಬಿಡಬೇಡಿ.